ಬದನೆ ತೋಟದ ಮೋಹಕ ಬಲೆಗೆ ಪತಂಗವೇ ಬೀಳುತ್ತಿಲ್ಲ: ಹೆಸರು ಒಂದೇ ಇದ್ದರೂ ಲ್ಯೂರ್ ಬೇರೆಯಾಗಿರಬಹುದೇ?

ಚಿಂತಾಮಣಿ_ಬದನೆ
ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಉಳಿದ ಹೊತ್ತಿನಲ್ಲಿ ಮನೆಯ ಒಂದು ಎಕರೆ ಬದನೆಯನ್ನು ನೋಡಿಕೊಳ್ಳುತ್ತೇನೆ. ಕುಡಿ ಮತ್ತು ಕಾಯಿ ಕೊರಕದ ಕಾಟಕ್ಕೆ ಈ ಸಲ ಹೆಣ್ಣು ಪತಂಗದ ವಾಸನೆ (ಫೆರೊಮೋನ್) ತುಂಬಿದ ರಬ್ಬರ್ ಗುಂಡಿ, ಅಂದರೆ ಲ್ಯೂರ್, ಇಟ್ಟ ಹನ್ನೆರಡು ಫನಲ್ ಟ್ರ್ಯಾಪ್‌ಗಳನ್ನು ಕಟ್ಟಿದೆ. ಮೂರು ವಾರದಲ್ಲಿ ಎಲ್ಲವೂ ಸೇರಿ ಬಿದ್ದದ್ದು ನಾಲ್ಕು ಪತಂಗ, ಅದರಲ್ಲಿ ಎರಡು ಕೊರಕದ್ದೇ ಅಲ್ಲ. ಇನ್ನೂರು ಮೀಟರ್ ಆಚೆಯ ಹೊಲದವರು ದಿನವೂ ಬೆಳಿಗ್ಗೆ ಬೊಗಸೆ ತುಂಬ ಸುರಿಯುತ್ತಾರೆ. ಇಬ್ಬರ ಪೊಟ್ಟಣದ ಮೇಲೂ ಇರುವ ಹೆಸರು ಒಂದೇ, ಇ-11-ಹೆಕ್ಸಾಡೆಸೆನೈಲ್ ಅಸಿಟೇಟ್. ತಯಾರಕರು ಮಾತ್ರ ಬೇರೆ.

ನನ್ನ ಪ್ರಶ್ನೆಗಳು ಎರಡು. ಸಂಯುಕ್ತ ಒಂದೇ ಆಗಿರುವಾಗ ಪರಿಣಾಮದಲ್ಲಿ ಇಷ್ಟು ಅಂತರ ಹೇಗೆ ಸಾಧ್ಯ? ಎರಡನೆಯದಕ್ಕೆ ನಕ್ಕರೂ ಬೇಸರವಿಲ್ಲ: ಹದಿನಾರು ಇಂಗಾಲದ ನೇರ ಸರಪಳಿ, ಒಂದು ದ್ವಿಬಂಧ, ತುದಿಯಲ್ಲೊಂದು ಎಸ್ಟರ್, ಇಷ್ಟು ಸರಳವಾದದ್ದನ್ನು ಕಾಲೇಜಿನ ಲ್ಯಾಬಿನಲ್ಲೇ ಏಕೆ ಮಾಡಬಾರದು?

ಗುಡಿಬಂಡೆ_ಗಾಳಿ
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ನಿಮ್ಮ ಪ್ರಾಂಶುಪಾಲರ ಮುಖವನ್ನು ಒಮ್ಮೆ ನೆನಪಿಸಿಕೊಳ್ಳಿ.

ಫ್ಲಾಸ್ಕಿನ_ಮುಂದೆ
ನಾನು ಹೈದರಾಬಾದಿನ ಆಸುಪಾಸಿನ ಕಾರ್ಖಾನೆಗಳಲ್ಲಿ ಬಹಳ ವರ್ಷ ಇಂಥ ಉದ್ದ ಸರಪಳಿಯ ಅಣುಗಳನ್ನೇ ತಯಾರಿಸಿದವನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಅಣುವನ್ನು ಮಾಡುವ ಹಳೆಯ ದಾರಿ ಹರಳೆಣ್ಣೆಯಿಂದ ಶುರುವಾಗುತ್ತದೆ. ಹರಳೆಣ್ಣೆಯ ರಿಸಿನೋಲಿಯಿಕ್ ಆಮ್ಲವನ್ನು ಕ್ಷಾರದಲ್ಲಿ ಕಾಯಿಸಿ ಮುರಿದರೆ ಹತ್ತು ಇಂಗಾಲದ ಸೆಬಾಸಿಕ್ ಆಮ್ಲ ಬರುತ್ತದೆ. ಅದನ್ನು ಅಪಕರ್ಷಿಸಿದರೆ 1,10-ಡೆಕೇನ್‌ಡಯಾಲ್. ಅದರ ಒಂದು ತುದಿಗೆ ಮಾತ್ರ ಬ್ರೋಮಿನ್ ಕೂರಿಸಿ, ಇನ್ನೊಂದು ತುದಿಯ ಆಲ್ಕೊಹಾಲನ್ನು ಡೈಹೈಡ್ರೊಪೈರಾನಿನಿಂದ ಮುಚ್ಚಿ, 1-ಹೆಕ್ಸೈನಿನ ಲಿಥಿಯಂ ಲವಣದ ಜೊತೆ ಸೇರಿಸಬೇಕು. ಹತ್ತಕ್ಕೆ ಆರು ಕೂಡಿ ಹದಿನಾರು ಇಂಗಾಲವಾಯಿತು, ಹನ್ನೊಂದನೆಯ ಸ್ಥಾನದಲ್ಲಿ ತ್ರಿಬಂಧ ಕೂತಿತು. ಇಲ್ಲಿಯ ತನಕ ಜಾಗರೂಕನಾದ ಯಾವ ಎಂಎಸ್ಸಿ ವಿದ್ಯಾರ್ಥಿಯೂ ಮಾಡಬಲ್ಲ.

ದಾರಿ ಕವಲೊಡೆಯುವುದು ಇದರ ನಂತರ. ಇದೇ ತ್ರಿಬಂಧಕ್ಕೆ ಲಿಂಡ್ಲಾರ್ ಕ್ರಿಯಾವರ್ಧಕದ ಮೇಲೆ, ಅಂದರೆ ಸೀಸದಿಂದ ಬೇಕೆಂದೇ ಮಂದ ಮಾಡಿದ ಪಲ್ಲಾಡಿಯಂ ಮೇಲೆ, ಹೈಡ್ರೋಜನ್ ಹಾಯಿಸಿದರೆ ಎರಡೂ ಹೈಡ್ರೋಜನ್‌ಗಳು ಒಂದೇ ಬದಿಗೆ ಬಂದು ಝಡ್ ಐಸೋಮರ್ (ಅವೇ ಪರಮಾಣುಗಳ ಬೇರೆ ಜೋಡಣೆ) ಸಿಗುತ್ತದೆ, ಸರಪಳಿಗೆ ಮೊಣಕೈಯಂತಹ ಬಾಗು ಬರುತ್ತದೆ. ದ್ರವ ಅಮೋನಿಯದಲ್ಲಿ ಸೋಡಿಯಂ ಕರಗಿಸಿ ಅಪಕರ್ಷಿಸಿದರೆ ಇ ಐಸೋಮರ್. ಸರಪಳಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಮುಚ್ಚಿದ ತುದಿಯನ್ನು ಬಿಡಿಸಿ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ ಎರಡೂ ಅಸಿಟೇಟ್ ಆಗುತ್ತವೆ. ನೆಟ್ಟಗಿರುವುದು ನಿಮ್ಮ ಬದನೆಯ ಕೊರಕಕ್ಕೆ. ಬಾಗಿದ್ದು ಕೋಸಿನ ವಜ್ರಬೆನ್ನಿನ ಪತಂಗದ ಮಿಶ್ರಣದಲ್ಲಿ ಒಂದು ಪಾಲು. ಆ ಬಾಗಿದ ಆಲ್ಕೊಹಾಲನ್ನೇ ಅಸಿಟೇಟ್ ಮಾಡದೆ ಆಲ್ಡಿಹೈಡ್‌ಗೆ ಉತ್ಕರ್ಷಿಸಿದರೆ ಕಾಯಿಕೊರಕ ಹೆಲಿಕೋವರ್ಪಾದ ಮುಖ್ಯ ಘಟಕ ಕೈಗೆ ಬರುತ್ತದೆ. ಒಂದೇ ಫ್ಲಾಸ್ಕಿನ ಸರಕು ಮೂರು ಬೆಳೆಯ ಮೂರು ಶತ್ರುಗಳಿಗೆ ಹೋಗುತ್ತದೆ.

ಬೆಲೆಯೂ ತೊಂದರೆಯೂ ಇರುವುದು ಆ ಕವಲಿನಲ್ಲಿಯೇ. ಉದ್ದ ಸರಪಳಿಯ ಆಲ್ಕೈನ್‌ಗಳು ದ್ರವ ಅಮೋನಿಯದಲ್ಲಿ ಸರಿಯಾಗಿ ಕರಗುವುದಿಲ್ಲ. ಸಹದ್ರಾವಕ ಹಾಕದೆ ಅವಸರ ಮಾಡಿದರೆ ಒಂದಿಷ್ಟು ತ್ರಿಬಂಧ ಹಾಗೆಯೇ ಉಳಿಯುತ್ತದೆ. ಲಿಂಡ್ಲಾರ್ ಹಾದಿಯಲ್ಲಿ ಹೈಡ್ರೋಜನನ್ನು ಸಕಾಲಕ್ಕೆ ನಿಲ್ಲಿಸದಿದ್ದರೆ ದ್ವಿಬಂಧವೂ ಹೋಗುತ್ತದೆ, ಇಲ್ಲವೇ ತಿರುಗಿಬಿಡುತ್ತದೆ. ಕೊನೆಯಲ್ಲಿ ಬಾಟಲಿಯಲ್ಲಿ ಉಳಿಯುವುದು ಬಣ್ಣವಿಲ್ಲದ, ಸ್ವಲ್ಪ ಎಣ್ಣೆಯಂತಹ ದ್ರವ. ಶುದ್ಧವಾದದ್ದೂ ಹಾಗೆಯೇ ಕಾಣುತ್ತದೆ, ಅಶುದ್ಧವಾದದ್ದೂ ಹಾಗೆಯೇ.

ಕ್ಲಾಸ್‌ರೂಮ್_ಕೆಮಿಸ್ಟ್
ಇಷ್ಟು ಸುತ್ತುಬಳಸು ಏಕೆ? ವಿಟ್ಟಿಗ್ ಕ್ರಿಯೆಯಲ್ಲಿ ಒಂದು ಆಲ್ಡಿಹೈಡ್, ಒಂದು ಫಾಸ್ಫೋನಿಯಂ ಲವಣ, ಒಂದು ಪ್ರತ್ಯಾಮ್ಲ ಇದ್ದರೆ ದ್ವಿಬಂಧ ಬೇಕಾದ ಜಾಗದಲ್ಲಿಯೇ ಬಂದು ಕೂರುತ್ತದೆ.

ಫ್ಲಾಸ್ಕಿನ_ಮುಂದೆ
ಜಾಗ ಸರಿಯಾಗಿರುತ್ತದೆ, ಆಕಾರ ಸರಿಯಾಗಿರುವುದಿಲ್ಲ. ಇಂಥ ಸಾದಾ ಸರಪಳಿಯ ಇಲೈಡ್‌ಗಳು (ಫಾಸ್ಫೋನಿಯಂ ಲವಣಕ್ಕೆ ಪ್ರತ್ಯಾಮ್ಲ ಹಾಕಿದಾಗ ಬರುವವು) ಲಿಥಿಯಂ ಲವಣವಿಲ್ಲದ ಪರಿಸರದಲ್ಲಿ ಬಹುಪಾಲು ಝಡ್ ಕಡೆಗೇ ವಾಲುತ್ತವೆ. ಕೋಸಿನ ಪತಂಗಕ್ಕೆ ಅದು ವರ, ಬದನೆಗೆ ಕೆಲಸಕ್ಕೆ ಬಾರದು. ಜೊತೆಗೆ ಟ್ರೈಫಿನೈಲ್ ಫಾಸ್ಫೀನ್ ಆಕ್ಸೈಡ್ ಎಂಬ ಬಿಳಿ ಕಸವನ್ನು ತೆಗೆಯುತ್ತ ಇಡೀ ವಾರ ಕಳೆದವನ ಬಳಿ ವಿಟ್ಟಿಗ್ ಸುಲಭವೆಂದು ದಯವಿಟ್ಟು ಹೇಳಬೇಡಿ.

ಕನಕಪುರ_ಗೂಡು
ರಸಾಯನಶಾಸ್ತ್ರ ನನಗೆ ಅಷ್ಟಾಗಿ ತಿಳಿಯದು, ಆದರೆ ಈ ವಾಸನೆಯ ಸೆಳೆತವನ್ನು ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ದಿನವೂ ಕಣ್ಣಾರೆ ನೋಡಿದ್ದೇನೆ. ಹೆಣ್ಣು ಚಿಟ್ಟೆಗಳ ತಟ್ಟೆಯನ್ನು ಕೋಣೆಯೊಳಗೆ ತಂದರೆ ಸಾಕು, ಅದುವರೆಗೆ ಸತ್ತಂತೆ ಬಿದ್ದಿದ್ದ ಗಂಡುಗಳೆಲ್ಲ ರೆಕ್ಕೆ ಬಡಿಯುತ್ತ ಸುತ್ತತೊಡಗುತ್ತವೆ. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ಆದರೂ ರೆಕ್ಕೆಯ ಸದ್ದು ಕೋಣೆಯನ್ನೆಲ್ಲ ತುಂಬುತ್ತದೆ. ಜಗತ್ತಿನಲ್ಲಿ ಮೊದಲು ಪತ್ತೆಯಾದ ಫೆರೊಮೋನ್ ಇದೇ ಅಲ್ಲವೇ? ಅದಕ್ಕಾಗಿ ಬುಟೆನಾಂಟ್ ಎಂಬುವರಿಗೆ ನೊಬೆಲ್ ಬಂತೆಂದು ಓದಿದ ನೆನಪು.

ನಿವೃತ್ತ_ಮೇಷ್ಟ್ರು
ಮೊದಲನೆಯ ಮಾತು ಸರಿ, ಎರಡನೆಯದನ್ನು ತಿದ್ದಬೇಕು. ಅಡಾಲ್ಫ್ ಬುಟೆನಾಂಟ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 1939ರಲ್ಲಿ, ಮನುಷ್ಯರ ಲೈಂಗಿಕ ಹಾರ್ಮೋನ್‌ಗಳ ಕೆಲಸಕ್ಕೆ. ಅದನ್ನೂ ನಾಜಿ ಸರ್ಕಾರ ಸ್ವೀಕರಿಸಗೊಡಲಿಲ್ಲ. ರೇಷ್ಮೆ ಚಿಟ್ಟೆಯ ಫೆರೊಮೋನ್ ಆದ ಬಾಂಬಿಕಾಲ್ ಪ್ರಕಟವಾದದ್ದು 1959ರಲ್ಲಿ. ಫೆರೊಮೋನ್ ಎಂಬ ಪದವನ್ನು ಕಾರ್ಲ್ಸನ್ ಮತ್ತು ಲ್ಯೂಷರ್ ಸೃಷ್ಟಿಸಿದ್ದೂ ಅದೇ ವರ್ಷ.

ಬಾಂಬಿಕಾಲಿನ ಕತೆ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳ ಹೊಟ್ಟೆಯ ತುದಿಯ ಗ್ರಂಥಿಗಳನ್ನು ಬಿಡಿಸಿ, ಇಪ್ಪತ್ತು ವರ್ಷ ಹೆಣಗಿದ ಮೇಲೆ ಅವರ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಹದಿನಾರು ಇಂಗಾಲ, ಎರಡು ದ್ವಿಬಂಧ, ಒಂದು ಆಲ್ಕೊಹಾಲ್ ಎಂದು ತಿಳಿದ ಮೇಲೂ ಕೆಲಸ ಮುಗಿಯಲಿಲ್ಲ, ಏಕೆಂದರೆ ಹತ್ತು ಮತ್ತು ಹನ್ನೆರಡನೆಯ ದ್ವಿಬಂಧಗಳನ್ನು ನಾಲ್ಕು ರೀತಿಯಲ್ಲಿ ತಿರುಗಿಸಬಹುದು. ಆ ನಾಲ್ಕನ್ನೂ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ ಒಂದೊಂದಾಗಿ ಗಂಡು ಚಿಟ್ಟೆಯ ಮುಂದೆ ಹಿಡಿದಾಗ, ಹತ್ತರಲ್ಲಿ ಇ, ಹನ್ನೆರಡರಲ್ಲಿ ಝಡ್ ಇರುವುದೊಂದೇ ಉಳಿದ ಮೂರನ್ನೂ ಬಹು ದೂರ ಹಿಂದೆ ಹಾಕಿತು. ಸರಿಯುತ್ತರ ಯಾವುದೆಂದು ಕೊನೆಗೆ ಹೇಳಿದ್ದು ಕನಕಪುರದವರು ವರ್ಣಿಸಿದ ಅದೇ ರೆಕ್ಕೆಬಡಿತ.

ಕನಕಪುರ_ಗೂಡು
ತಿದ್ದಿದ್ದಕ್ಕೆ ಧನ್ಯವಾದಗಳು ಮೇಷ್ಟ್ರೇ. ಐದು ಲಕ್ಷ ಚಿಟ್ಟೆ ಎಂದರೆ ಎಷ್ಟು ಗೂಡು, ಎಷ್ಟು ಮೊಟ್ಟೆ ಎಂದು ಲೆಕ್ಕ ಹಾಕಿ ಹೊಟ್ಟೆ ಉರಿದುಕೊಂಡೆ.

ಬಾಳೆಹೊನ್ನೂರು_ಅರೇಬಿಕಾ
ನಿಮ್ಮದು ಬರೀ ಬಾಗಿದ್ದೋ ನೆಟ್ಟಗಿದ್ದೋ ಎಂಬ ಸಮಸ್ಯೆ, ನಮ್ಮದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಕಾಫಿಯ ಬಿಳಿ ಕಾಂಡಕೊರಕದ ಫೆರೊಮೋನಿನ ಮುಖ್ಯ ಅಂಶ 2-ಹೈಡ್ರಾಕ್ಸಿ-3-ಡೆಕೇನೋನ್, ಅದರಲ್ಲಿಯೂ ಎಸ್ ರೂಪ. ಅದನ್ನು ಬಿಡುವುದು ಗಂಡು, ಬರುವುದು ಹೆಣ್ಣು. ಇಲ್ಲಿ ಎರಡು ರೂಪಗಳು ಎಡಗೈ ಬಲಗೈಗಳಂತೆ ಒಂದರ ಪ್ರತಿಬಿಂಬ ಇನ್ನೊಂದು. ಕುದಿಬಿಂದು, ಸಾಂದ್ರತೆ ಎಲ್ಲವೂ ಒಂದೇ, ದುಂಬಿಯ ಮೀಸೆಗೆ ಮಾತ್ರ ಬೇರೆ. ಅಡ್ಡರೆಕ್ಕೆಯ ಟ್ರ್ಯಾಪ್‌ಗಳನ್ನು ಎರಡು ಹಾರಾಟದ ಕಾಲ ತೋಟದಲ್ಲಿ ನಿಲ್ಲಿಸಿದೆ. ದುಂಬಿ ಬಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೆರಳು ಕಡಿಮೆಯಿದ್ದ ಪಟ್ಟೆಯಲ್ಲಿ ಕಾಂಡದ ಮೇಲೆ ಉಬ್ಬು ಬಂದ ಗಿಡಗಳನ್ನು ಕಿತ್ತು ಸುಡುವುದು ಅದರಿಂದ ತಪ್ಪಲಿಲ್ಲ.

ಕೇವಲ_ಅನುಮಾನ
ಇದನ್ನೇ ನಾನು ಹೇಳಬೇಕೆಂದಿದ್ದೆ. ಮೋಹಕ ಬಲೆ ಎಂಬುದು ರೈತನ ಸಮಾಧಾನಕ್ಕೆ ಕಟ್ಟುವ ದೃಷ್ಟಿಬೊಂಬೆ. ಬದನೆಯ ಬಲೆಗೆ ಬೀಳುವುದು ಗಂಡು ಮಾತ್ರ. ಉಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ, ಮೊಟ್ಟೆಯಿಡುವುದು ಹೆಣ್ಣು, ಕಾಯಿ ಕೊರೆಯುವುದು ಮರಿ. ಬೊಗಸೆ ತುಂಬ ಗಂಡು ಹಿಡಿದ ಆ ಪಕ್ಕದ ಹೊಲದವರ ಕಾಯಿಯಲ್ಲಿ ತೂತು ಕಡಿಮೆಯಾಗಿದೆಯೇ? ಅದನ್ನು ಯಾರೂ ಕೇಳಲಿಲ್ಲ.

ತಿಪಟೂರು_ಕೊಬ್ಬರಿ
ಎಲ್ಲ ಬಲೆಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತೆಂಗಿನ ಕೆಂಪು ಮೂತಿಹುಳದ ಫೆರೊಮೋನ್ ಗುಂಪುಗೂಡಿಸುವಂಥದ್ದು. ಗಂಡು ಬಿಡುತ್ತದೆ, ಗಂಡು ಹೆಣ್ಣು ಎರಡೂ ಬರುತ್ತವೆ, ಅದರಲ್ಲಿಯೂ ಹೆಣ್ಣೇ ಹೆಚ್ಚು. ಬಕೆಟ್ಟಿನಲ್ಲಿ ಕಬ್ಬಿನ ತುಂಡನ್ನೋ ಹುಳಿ ಬಂದ ಬಾಳೆಹಣ್ಣನ್ನೋ ಹಾಕಿ ಲ್ಯೂರ್ ತೂಗುಬಿಟ್ಟರೆ ಮೊಟ್ಟೆಯಿಡಬೇಕಾದ ಹೆಣ್ಣೇ ಒಳಗೆ ಬಿದ್ದಿರುತ್ತದೆ. ಕಬ್ಬು ಹಾಕುವುದನ್ನು ಮರೆತರೆ ಅಷ್ಟು ಬರುವುದಿಲ್ಲ; ಬರೀ ಪರಿಮಳದಿಂದ ಯಾರ ಹೊಟ್ಟೆ ತುಂಬುತ್ತದೆ?

ಫ್ಲಾಸ್ಕಿನ_ಮುಂದೆ
ತಿಪಟೂರಿನವರು ಒಳ್ಳೆಯ ಉದಾಹರಣೆ ತಂದರು. ಚಿಂತಾಮಣಿಯವರೇ, ಲ್ಯಾಬಿನಲ್ಲಿ ಏನಾದರೂ ಮಾಡಲೇಬೇಕೆಂಬ ಹಟವಿದ್ದರೆ ನಿಮ್ಮ ಕೊರಕವನ್ನು ಬಿಟ್ಟು ಮೂತಿಹುಳವನ್ನು ಹಿಡಿಯಿರಿ. ಅದರ ಮುಖ್ಯ ಅಂಶವಾದ ಫೆರುಜಿನಿಯಾಲ್, ಅಂದರೆ 4-ಮೀಥೈಲ್-5-ನೋನನಾಲ್ ಎಂಬ ಆಲ್ಕೊಹಾಲ್, ಒಂದೇ ಗ್ರಿನ್ಯಾರ್ಡ್ ಕ್ರಿಯೆಯ ದೂರದಲ್ಲಿದೆ: 2-ಮೀಥೈಲ್ ಪೆಂಟನಾಲ್ ಎಂಬ ಆಲ್ಡಿಹೈಡ್‌ಗೆ ಬ್ಯುಟೈಲ್ ಮೆಗ್ನೀಸಿಯಂ ಬ್ರೋಮೈಡ್. ಹುಳು ಬಳಸುವುದು ನಾಲ್ಕು ತ್ರಿವಿಮ ರೂಪಗಳಲ್ಲಿ ಒಂದನ್ನು ಮಾತ್ರ, ಆದರೆ ಉಳಿದ ಮೂರು ಅದಕ್ಕೆ ಅಡ್ಡಬರುವುದಿಲ್ಲ. ಹೀಗಾಗಿ ಬೇರ್ಪಡಿಸದ ಮಿಶ್ರಣವನ್ನೇ ಲ್ಯೂರ್‌ನಲ್ಲಿ ತುಂಬುತ್ತಾರೆ.

ಎಲ್ಲ ಕೀಟಗಳೂ ಇಷ್ಟು ಉದಾರವಲ್ಲ. ಅಮೆರಿಕಕ್ಕೆ ನುಗ್ಗಿದ ಜಪಾನಿ ದುಂಬಿಯ ಫೆರೊಮೋನನ್ನು 1977ರಲ್ಲಿ ಟಮ್ಲಿನ್‌ಸನ್ ಮತ್ತು ಸಂಗಡಿಗರು ಬಿಡಿಸಿದಾಗ ಕಂಡದ್ದು ಇದು: ಆರ್ ರೂಪಕ್ಕೆ ಗಂಡುಗಳು ಓಡಿ ಬರುತ್ತವೆ, ಅದರೊಳಗೆ ನೂರಕ್ಕೆ ಒಂದೆರಡು ಪಾಲು ಎಸ್ ಪ್ರತಿಬಿಂಬ ಸೇರಿದರೂ ಬರುವ ಸಂಖ್ಯೆ ಎದ್ದುಕಾಣುವಂತೆ ಕುಸಿಯುತ್ತದೆ, ಎರಡೂ ಸಮಪಾಲಾದರೆ ಲ್ಯೂರ್ ನಿಷ್ಪ್ರಯೋಜಕ. ಆಲಿವ್ ನೊಣ ಇನ್ನೂ ವಿಚಿತ್ರ. ಅದರ ಫೆರೊಮೋನಿನ ಒಂದು ಪ್ರತಿಬಿಂಬ ಗಂಡನ್ನು ಕರೆಯುತ್ತದೆ, ಇನ್ನೊಂದು ಹೆಣ್ಣನ್ನು. ಯಾವ ಅಶುದ್ಧಿಯನ್ನು ಸಹಿಸಬೇಕೆಂದು ನಿರ್ಧರಿಸುವುದು ರಸಾಯನಶಾಸ್ತ್ರಜ್ಞನಲ್ಲ, ಹುಳು.

ಹನೂರು_ಜೋಳ
ಸ್ವಲ್ಪ ಪಕ್ಕದ ವಿಷಯ, ಕ್ಷಮಿಸಿ. ಮುಸುಕಿನ ಜೋಳದ ಸೈನಿಕ ಹುಳುವಿಗೆ ನಾನು ಲ್ಯೂರ್ ಕಟ್ಟಿದ್ದೇನೆ. ಆ ಪತಂಗದ ಫೆರೊಮೋನೂ ಆನೆಯದ್ದೂ ಒಂದೇ ಎಂದು ಯಾರೋ ಹೇಳಿದರು. ನಮ್ಮದು ಕಾಡಂಚಿನ ಹೊಲ. ಇದು ತಮಾಷೆಯೋ ನಿಜವೋ?

ಮೀಸೆ_ಮತ್ತು_ವಿದ್ಯುತ್
ಅರ್ಧ ನಿಜ, ಅದೂ ಸುಂದರವಾದ ಅರ್ಧ. 2018ರಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲು ಕಂಡ ಆ ಸೈನಿಕ ಹುಳುವಿನ ಮಿಶ್ರಣದಲ್ಲಿ ಮುಖ್ಯವಾದದ್ದು ಝಡ್-9-ಟೆಟ್ರಾಡೆಸೆನೈಲ್ ಅಸಿಟೇಟ್, ಅದರೊಂದಿಗೆ ಅಲ್ಪ ಪ್ರಮಾಣದಲ್ಲಿ ಝಡ್-7-ಡೋಡೆಸೆನೈಲ್ ಅಸಿಟೇಟ್. ಈ ಎರಡನೆಯ ಅಣುವೇ ಬೆದೆಗೆ ಬಂದ ಏಷ್ಯಾದ ಹೆಣ್ಣಾನೆಯ ಮೂತ್ರದಲ್ಲಿಯೂ ಇದೆಯೆಂದು ರಾಸ್ಮುಸ್ಸೆನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಆದರೆ ಗಂಡಾನೆ ಅದನ್ನು ಸೊಂಡಿಲ ತುದಿಯಿಂದ ಮುಟ್ಟಿ, ಬಾಯಿಯ ಮೇಲ್ಭಾಗಕ್ಕೆ ಒಯ್ದು ಪರೀಕ್ಷಿಸುತ್ತದೆ, ಮತ್ತು ಅದಕ್ಕೆ ಬೇಕಾದ ಪ್ರಮಾಣ ಪತಂಗಕ್ಕೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು. ನಿಮ್ಮ ರಬ್ಬರ್ ಗುಂಡಿಯಲ್ಲಿರುವುದು ಹೆಚ್ಚೆಂದರೆ ಕೆಲವು ಮಿಲಿಗ್ರಾಂ, ಅದೂ ವಾರಗಟ್ಟಲೆ ಸೋರುವಂಥದ್ದು. ಆನೆ ಬಂದರೆ ಅದು ಬರುವುದು ಜೋಳಕ್ಕೆ.

ಹನೂರು_ಜೋಳ
ಅದಂತೂ ಬರುತ್ತಲೇ ಇದೆ.

ಮೀಸೆ_ಮತ್ತು_ವಿದ್ಯುತ್
ಈಗ ಮೂಲ ಪ್ರಶ್ನೆಗೆ ಬರುತ್ತೇನೆ, ನಾನು ಕೀಟಶಾಸ್ತ್ರದವಳು. ಐಸೋಮರ್ ಎಂದು ತೀರ್ಪು ಕೊಡುವ ಮೊದಲು ಸಾಮಾನ್ಯ ಕಾರಣಗಳನ್ನು ತಳ್ಳಿಹಾಕಬೇಕು. ಲ್ಯೂರ್ ಕೊಂಡ ಮೇಲೆ ಫ್ರಿಜ್‌ನಲ್ಲಿ ಇಟ್ಟಿದ್ದಿರೋ, ತಗಡಿನ ಶೆಡ್ಡಿನಲ್ಲಿಯೋ? ಟ್ರ್ಯಾಪ್ ಬೆಳೆಯ ತಲೆಯ ಮಟ್ಟದಲ್ಲಿದೆಯೋ, ಕಂಬದ ತುದಿಯಲ್ಲಿದೆಯೋ? ಈ ಪತಂಗ ಗಿಡದ ಮೇಲ್ಮಟ್ಟದ ಆಸುಪಾಸಿನಲ್ಲಿ ಹಾರುತ್ತದೆ. ಕೋಸಿನ ಲ್ಯೂರ್ ಮುಟ್ಟಿದ ಅದೇ ಕೈಯಲ್ಲಿ ಇದನ್ನೂ ಕಟ್ಟಿದಿರೋ?

ಇನ್ನು ಮಿಶ್ರಣದ ವಿಚಾರ. ಬದನೆ ಕೊರಕದ ಲ್ಯೂರ್‌ನಲ್ಲಿ ಅಸಿಟೇಟ್ ಜೊತೆ ನೂರಕ್ಕೆ ಒಂದರಂತೆ ಅದರದೇ ಆಲ್ಕೊಹಾಲನ್ನು ಸೇರಿಸುವುದುಂಟು. ಇಂಥ ಅನುಪಾತದ ಮಹತ್ವಕ್ಕೆ ಹೆಲಿಕೋವರ್ಪಾ ಕುಲವೇ ಸಾಕ್ಷಿ. ತೊಗರಿ, ಕಡಲೆ, ಹತ್ತಿಗಳ ಆರ್ಮಿಜೆರಾ ಬಳಸುವುದು ಝಡ್-11 ಮತ್ತು ಝಡ್-9 ಹೆಕ್ಸಾಡೆಸೆನಾಲ್ ಆಲ್ಡಿಹೈಡ್‌ಗಳನ್ನು ಸುಮಾರು 97ಕ್ಕೆ 3ರಂತೆ. ಅದರ ದಾಯಾದಿಯಾದ, ತಂಬಾಕು ತಿನ್ನುವ ಅಸಲ್ಟಾ ಅದೇ ಎರಡನ್ನು ತಿರುಗುಮುರುಗಾಗಿ, ಝಡ್-9 ಹೆಚ್ಚು ಇರುವಂತೆ ಬಳಸುತ್ತದೆ. ಅಕ್ಷರ ಅವೇ, ಬರೆದ ಮಾತು ಬೇರೆ. ಇದನ್ನೆಲ್ಲ ನಾವು ಪರೀಕ್ಷಿಸುವುದು ಗಂಡು ಪತಂಗದ ಮೀಸೆಯನ್ನು ಎರಡು ವಿದ್ಯುದಾಗ್ರಗಳ ನಡುವೆ ಕೂರಿಸಿ. ಡೀಟ್ರಿಷ್ ಷ್ನೈಡರ್ 1957ರಲ್ಲಿ ರೇಷ್ಮೆ ಚಿಟ್ಟೆಯಲ್ಲಿ ತೋರಿಸಿದ ವಿಧಾನ ಅದು, ಈಗ ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನ ತುದಿಗೇ ಮೀಸೆಯನ್ನು ಜೋಡಿಸುತ್ತೇವೆ.

ನಿಮ್ಮ ಬಳಿ ಅದೇನೂ ಇಲ್ಲ, ಆದರೆ ಹೊಲವಿದೆ. ಪಕ್ಕದವರನ್ನು ಒಪ್ಪಿಸಿ ಲ್ಯೂರ್‌ಗಳನ್ನು ಅದಲುಬದಲು ಮಾಡಿ. ಟ್ರ್ಯಾಪ್ ಅಲ್ಲೇ ಇರಲಿ, ಗುಂಡಿ ಮಾತ್ರ ಬದಲಾಗಲಿ. ಮೂರು ರಾತ್ರಿ ಎಣಿಸಿ.

ಅನುಮಾನದವರಿಗೂ ಒಂದು ಮಾತು. ಗಂಡು ಮಾತ್ರ ಬೀಳುತ್ತದೆಂಬ ನಿಮ್ಮ ಆಕ್ಷೇಪ ಸರಿಯಾದದ್ದೇ, ಬಲೆಯೊಂದನ್ನೇ ನಂಬಿದರೆ ಸೋಲುತ್ತೇವೆ. ಬಾಡಿದ ಕುಡಿಗಳನ್ನು ವಾರವಾರ ಚಿವುಟಿ ನಾಶ ಮಾಡುವುದರ ಜೊತೆಗೆ ಬಲೆ ಸೇರಿದಾಗ ಅದರ ಬೆಲೆ ಬೇರೆ. ದೃಷ್ಟಿಬೊಂಬೆ ಪತಂಗ ಯಾವಾಗ ಬಂತೆಂದು ಹೇಳುವುದಿಲ್ಲ.

ಕೇವಲ_ಅನುಮಾನ
ಮೇಡಂ, ಕುಡಿ ಚಿವುಟುವ ಕೂಲಿಗೆ ಜನ ಎಲ್ಲಿ ಸಿಗುತ್ತಾರೆಂಬುದನ್ನೂ ತಾವೇ ಹೇಳಿಬಿಡಿ.

ನಿವೃತ್ತ_ಮೇಷ್ಟ್ರು
ಅದಲುಬದಲು ಮಾಡಿದ ಮೇಲೆ ಕಾಲೇಜಿನ ಲ್ಯಾಬಿಗೂ ಒಂದು ಕೆಲಸವಿದೆ. ಸಂಶ್ಲೇಷಣೆ ಬೇಡ, ಪರೀಕ್ಷೆ ಸಾಕು. ಗುಂಡಿಯನ್ನು ಹೆಕ್ಸೇನಿನಲ್ಲಿ ನೆನೆಸಿ, ಸಿಲ್ವರ್ ನೈಟ್ರೇಟ್ ಲೇಪಿಸಿದ ಸಿಲಿಕಾ ತಟ್ಟೆಯ ಮೇಲೆ ಓಡಿಸಿ. ಬೆಳ್ಳಿಯ ಅಯಾನು ಝಡ್ ದ್ವಿಬಂಧವನ್ನು ಇ ದ್ವಿಬಂಧಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಝಡ್ ಹಿಂದೆ ಉಳಿಯುತ್ತದೆ, ಇ ಮುಂದೆ ಹೋಗುತ್ತದೆ. ಆಮೇಲೆ ಅಯೋಡಿನ್ ಆವಿಗೆ ಹಿಡಿದರೆ ಕಲೆಗಳು ಕಾಣುತ್ತವೆ.

ಫ್ಲಾಸ್ಕಿನ_ಮುಂದೆ
ಉಪಾಯ ಚೆನ್ನಾಗಿದೆ, ಅಯೋಡಿನ್ ಮಾತ್ರ ಬೇಡ ಮೇಷ್ಟ್ರೇ. ಬೆಳ್ಳಿಯಿರುವ ತಟ್ಟೆಯೆಲ್ಲ ಸಿಲ್ವರ್ ಅಯೋಡೈಡ್ ಆಗಿ ಹಳದಿ ತಿರುಗುತ್ತದೆ. ಫಾಸ್ಫೊಮೊಲಿಬ್ಡಿಕ್ ಆಮ್ಲ ಸಿಂಪಡಿಸಿ ಬಿಸಿ ಮಾಡಲಿ. ರಬ್ಬರಿನೊಳಗಿನ ಬೇರೆ ಪದಾರ್ಥಗಳೂ ಹೆಕ್ಸೇನಿಗೆ ಇಳಿಯುತ್ತವೆ, ಆದ್ದರಿಂದ ಪಕ್ಕದವರ ಗುಂಡಿಯ ಸಾರವನ್ನೂ ಅದೇ ತಟ್ಟೆಯ ಮೇಲೆ ಓಡಿಸದೆ ಏನನ್ನೂ ನಂಬಬೇಡಿ.

ನಿವೃತ್ತ_ಮೇಷ್ಟ್ರು
ಒಪ್ಪಿದೆ. ಮೂವತ್ತು ವರ್ಷ ಅಯೋಡಿನ್ ಡಬ್ಬಿಯನ್ನೇ ಮುಂದೆ ಚಾಚಿದ ಅಭ್ಯಾಸ.

ಜೇನು_ಸಾಕಣೆ_ಕೊಡಗು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಪಿಯು ಲ್ಯಾಬಿನಲ್ಲಿ ಮಾಡಬಹುದಾದ ಫೆರೊಮೋನ್ ಬೇಕೆಂದರೆ ಐಸೋಅಮೈಲ್ ಅಸಿಟೇಟ್ ಇದೆ: ಆಲ್ಕೊಹಾಲ್, ಅಸಿಟಿಕ್ ಆಮ್ಲ, ಎರಡು ಹನಿ ಗಂಧಕಾಮ್ಲ, ಬಾಳೆಹಣ್ಣಿನ ವಾಸನೆ. ಜೇನುನೊಣ ಕುಟುಕುವಾಗ ಬಿಡುವ ಅಪಾಯದ ಸೂಚನೆಯ ಮುಖ್ಯ ಅಂಶ ಅದೇ. ಮಾಡಿದ ದಿನ ಮಾತ್ರ ನಮ್ಮ ಪೆಟ್ಟಿಗೆಗಳ ಕಡೆ ಬರಬೇಡಿ.

ಚಿಂತಾಮಣಿ_ಬದನೆ
ಎಲ್ಲರಿಗೂ ಧನ್ಯವಾದಗಳು. ವರದಿ ಒಪ್ಪಿಸುತ್ತಿದ್ದೇನೆ.

ಲ್ಯೂರ್‌ಗಳು ಬಂದ ದಿನದಿಂದ ಮನೆಯ ಫ್ರಿಜ್‌ನಲ್ಲಿಯೇ ಇದ್ದವು. ಮೊಸರಿನ ಪಕ್ಕ ಇಟ್ಟಿದ್ದಕ್ಕೆ ಮನೆಯವರ ಬೈಗುಳವೂ ಆಗಿದೆ. ಟ್ರ್ಯಾಪ್ ಗಿಡದ ತಲೆಯ ಮಟ್ಟದಲ್ಲಿಯೇ ಇದೆ. ಕೋಸನ್ನು ನಾನು ಬೆಳೆಯುವುದಿಲ್ಲ. ಪಕ್ಕದ ಹೊಲದವರು ನಾಲ್ಕು ಗುಂಡಿಗಳ ಮಟ್ಟಿಗೆ ಒಪ್ಪಿದರು. ಮೂರು ರಾತ್ರಿಯಲ್ಲಿ ಅವರ ಲ್ಯೂರ್ ಹೊತ್ತ ನನ್ನ ನಾಲ್ಕು ಟ್ರ್ಯಾಪ್‌ಗಳಲ್ಲಿ 31 ಪತಂಗ, ನನ್ನ ಲ್ಯೂರ್ ಹೊತ್ತ ಅವರ ನಾಲ್ಕರಲ್ಲಿ 2. ಹೊಲದ್ದೂ ಅಲ್ಲ, ಟ್ರ್ಯಾಪಿನದ್ದೂ ಅಲ್ಲ, ತಪ್ಪು ಗುಂಡಿಯದ್ದೇ.

ತಟ್ಟೆಯನ್ನೂ ಓಡಿಸಿದೆ. ಅವರ ಸಾರ ಒಂದೇ ಗಟ್ಟಿ ಕಲೆಯಾಗಿ ಮುಂದೆ ಹೋಯಿತು. ನನ್ನದರಲ್ಲಿ ಆ ಜಾಗದಲ್ಲಿ ಮಸುಕಾದ ಕಲೆ, ಅದರ ಕೆಳಗೆ ಅದಕ್ಕಿಂತ ದಟ್ಟವಾದ ಇನ್ನೊಂದು. ಎರಡನ್ನೂ ಎರಡು ಬಾರಿ ಮಾಡಿ ನೋಡಿದೆ.

ಫ್ಲಾಸ್ಕಿನ_ಮುಂದೆ
ಕೆಳಗಿನದು ಝಡ್ ಇರಬಹುದು, ಆದರೆ ಶುದ್ಧ ಮಾದರಿಯನ್ನು ಪಕ್ಕದಲ್ಲಿ ಓಡಿಸದೆ ಹಾಗೆಂದು ಬರೆದು ಕೊಡಬೇಡಿ. ಅಸಿಟೇಟ್ ಆಗದೆ ಉಳಿದ ಆಲ್ಕೊಹಾಲ್ ಆಗಿದ್ದರೂ ಕೆಳಗೇ ನಿಲ್ಲುತ್ತದೆ. ತಯಾರಕರಿಂದ ಆ ಬ್ಯಾಚಿನ ಗ್ಯಾಸ್ ಕ್ರೊಮ್ಯಾಟೊಗ್ರಾಂ ಕೇಳಿ. ಇ ಮತ್ತು ಝಡ್ ಬೇರ್ಪಡುವಂತಹ ಧ್ರುವೀಯ ಕಾಲಮ್‌ನಲ್ಲಿ ತೆಗೆದದ್ದೇ ಆಗಿರಬೇಕೆಂದು ಒತ್ತಿ ಹೇಳಿ. ಸಾದಾ ಕಾಲಮ್‌ನಲ್ಲಿ ಎರಡೂ ಒಂದೇ ಗೋಪುರವಾಗಿ ಬಂದು ಶುದ್ಧತೆ ಚೆನ್ನಾಗಿಯೇ ಕಾಣುತ್ತದೆ.

ಚಿಂತಾಮಣಿ_ಬದನೆ
ಕೇಳಿ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈ ನಡುವೆ ಪಕ್ಕದವರು ತಮ್ಮ ನಾಲ್ಕು ಗುಂಡಿಗಳನ್ನು ವಾಪಸ್ ಕೇಳುತ್ತಿದ್ದಾರೆ. ಒಂದನ್ನು ಹೆಕ್ಸೇನಿನಲ್ಲಿ ಅದ್ದಿದ್ದೇನೆಂದು ಅವರಿಗೆ ಇನ್ನೂ ಹೇಳಿಲ್ಲ.